ಜ್ವರದಲ್ಲಿ ತೀರಿಕೊಂಡ ಊರ ಸಿಪಾಯಿ: ಹೆಸರು ಹುಡುಕುವುದು, ಕಲ್ಲಿಗೆ ಇಳಿಸುವುದು

ಮೊದಲ ಮಹಾಯುದ್ಧಕ್ಕೆ ಹೋಗಿ ವಾಪಸು ಬಾರದ ಊರಿನವನೊಬ್ಬನ ನೆನಪಿಗೆ ಏನಾದರೂ ಮಾಡೋಣ ಎಂದು ಹೊರಟವರು ಮೊದಲ ವಾರದಲ್ಲೇ ಒಂದು ತಪ್ಪು ಮಾಡುತ್ತಾರೆ. ಆತ ಯಾವ ಕಾಳಗದಲ್ಲಿ ಬಿದ್ದ ಎಂದು ಹುಡುಕತೊಡಗುತ್ತಾರೆ. ಆತ ಕಾಳಗದಲ್ಲಿ ಸತ್ತಿರದಿದ್ದರೆ ಆ ಹುಡುಕಾಟ ಎಲ್ಲಿಗೂ ತಲುಪುವುದಿಲ್ಲ. ಕೊನೆಗೆ ಯಾರೋ ‘ಹೈಫಾದಲ್ಲಿ ವೀರಮರಣ’ ಎಂದು ಊಹೆಯಲ್ಲೇ ಬರೆದುಬಿಡುತ್ತಾರೆ (ಹೈಫಾ ಎಂದರೆ ಮೈಸೂರಿನ ಕುದುರೆ ದಳ ಕಾದಿದ, ಆಗಿನ ಪ್ಯಾಲೆಸ್ಟೈನಿನ ಬಂದರು). ಈಜಿಪ್ಟ್, ಪ್ಯಾಲೆಸ್ಟೈನ್, ಈಗ ಇರಾಕ್ ಎನ್ನುವ ಮೆಸೊಪೊಟೇಮಿಯಾಗಳಿಗೆ ಹೋದ ನಮ್ಮವರಲ್ಲಿ ಬಹಳ ಜನರ ಪ್ರಾಣ ತೆಗೆದದ್ದು ಮಲೇರಿಯಾ, ಆಮಶಂಕೆ, ಕಾಲರಾ, ನ್ಯುಮೋನಿಯಾ, ಬಿಸಿಲಿನ ಹೊಡೆತ ಮತ್ತು 1918ರ ಇನ್‌ಫ್ಲುಯೆಂಜಾ. ಆದ್ದರಿಂದ ಹುಡುಕಾಟ ಶುರುವಾಗಬೇಕಾದದ್ದು ಆಸ್ಪತ್ರೆಯ ದಿಕ್ಕಿನಿಂದ.

ಕಾಯಿಲೆಯಿಂದ ಸತ್ತವನ ಹೆಸರು ಎಲ್ಲೂ ಇರಲಾರದು ಎಂದು ಕೈಬಿಡುವವರೂ ಉಂಟು. ನಿಯಮ ಹಾಗಿಲ್ಲ. ಯುದ್ಧದಲ್ಲಿ ಮಡಿದವರ ಲೆಕ್ಕ ಇಡುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ ಸೇವೆಯಲ್ಲಿದ್ದು ತೀರಿಕೊಂಡ ಎಲ್ಲರನ್ನೂ ಒಂದೇ ಪಟ್ಟಿಗೆ ಸೇರಿಸುತ್ತದೆ. ಗುಂಡೇಟೋ, ಜ್ವರವೋ, ಹಡಗಿನಲ್ಲಿ ಆದ ಅಪಘಾತವೋ ಎಂಬ ಭೇದ ಇಲ್ಲ. ಸೇವೆಯಿಂದ ಬಿಡುಗಡೆಯಾಗಿ ಮನೆಗೆ ಬಂದ ಮೇಲೆ ಸತ್ತಿದ್ದರೆ ಮಾತ್ರ, ಆ ಕಾಯಿಲೆ ಸೇವೆಯಿಂದಲೇ ಬಂದದ್ದು ಎಂದು ತೋರಿಸಬೇಕಾಗುತ್ತದೆ. ಹಾಗಾಗಿ ಮೊದಲ ಪ್ರಶ್ನೆ ‘ಹೇಗೆ ಸತ್ತ’ ಅಲ್ಲ, ‘ಸತ್ತ ದಿನ ಸೇವೆಯಲ್ಲಿದ್ದನೇ’ ಎಂಬುದು.

ಮನೆಯಲ್ಲಿ ಸಿಗುವುದು

ಪತ್ರಾಗಾರಕ್ಕೆ ಹೋಗುವ ಮೊದಲು ಮನೆಯ ಟ್ರಂಕು ನೋಡಿ. ಕೈಗೆ ಸಿಗಬಹುದಾದ ಅತ್ಯಂತ ಬೆಲೆಬಾಳುವ ವಸ್ತು ಸುಮಾರು 120 ಮಿಲಿಮೀಟರ್ ಅಗಲದ, ಊಟದ ತಟ್ಟೆಗಿಂತ ಚಿಕ್ಕದಾದ ಕಂಚಿನ ಬಿಲ್ಲೆ. ಅದರ ಮೇಲೆ ತ್ರಿಶೂಲ ಹಿಡಿದ ಬ್ರಿಟಾನಿಯಾ (ಬ್ರಿಟನ್ನಿನ ಸಂಕೇತವಾದ ಹೆಣ್ಣು ರೂಪ), ಮುಂದೆ ಸಿಂಹ, ಒಂದು ಚೌಕಟ್ಟಿನೊಳಗೆ ಉಬ್ಬು ಅಕ್ಷರದಲ್ಲಿ ಹೆಸರು ಇರುತ್ತದೆ. ತ್ರಿಶೂಲ ಇದೆಯೆಂದು ಇದನ್ನು ದೇವರ ಬಿಲ್ಲೆ ಎಂದು ಭಾವಿಸುವುದು ಸುಲಭ. ದೇವರ ಮನೆಯಲ್ಲೂ ಒಮ್ಮೆ ನೋಡಿ. ಇದನ್ನು ಕೊಟ್ಟದ್ದು ಸತ್ತವರ ಮನೆಗಳಿಗೆ ಮಾತ್ರ, ಕಾಯಿಲೆಯಿಂದ ಸತ್ತವರ ಮನೆಗಳಿಗೂ ಕೊಟ್ಟರು. ಆದರೆ ಇದರ ಮೇಲೆ ಹುದ್ದೆ, ನಂಬರು, ದಳ ಯಾವುದೂ ಇರುವುದಿಲ್ಲ. ಎಲ್ಲರೂ ಸಮಾನರು ಎಂದು ಬೇಕೆಂದೇ ಬಿಟ್ಟದ್ದು. ಸಾವು ಖಚಿತವಾಗುತ್ತದೆ, ಹುಡುಕಲು ಬೇಕಾದ ಎಳೆ ಸಿಗುವುದಿಲ್ಲ.

ಆ ಎಳೆ ಇರುವುದು ಪದಕದಲ್ಲಿ. 36 ಮಿಲಿಮೀಟರಿನ ಬ್ರಿಟಿಷ್ ವಾರ್ ಮೆಡಲ್ ಸೈನಿಕರಿಗೆ ಬೆಳ್ಳಿಯದು, ಅಡುಗೆಯವರು, ನೀರು ಹೊರುವ ಭಿಸ್ತಿಗಳು, ಕೂಲಿ ದಳದವರು ಮುಂತಾದ ಅನುಚರರಿಗೆ ಕಂಚಿನದು. ಇದರ ಮತ್ತು ವಿಕ್ಟರಿ ಮೆಡಲಿನ ಅಂಚಿನ ದಪ್ಪದಲ್ಲಿ ನಂಬರು, ಹುದ್ದೆ, ಹೆಸರು, ದಳ ಒತ್ತಿರುತ್ತಾರೆ. 1914-15 ಸ್ಟಾರ್ ಎಂಬ ನಕ್ಷತ್ರಾಕಾರದ ಪದಕದಲ್ಲಿ ಇದೇ ವಿವರ ಹಿಂಬದಿಯಲ್ಲಿದೆ. ಪದಕವನ್ನು ಹುಣಸೆಹುಳಿಯಿಂದಲೋ ಪಾತ್ರೆ ತೊಳೆಯುವ ಪುಡಿಯಿಂದಲೋ ಉಜ್ಜಬೇಡಿ. ಅಂಚಿನ ಅಕ್ಷರ ಕೂದಲೆಳೆಯಷ್ಟೇ ಆಳ, ಹಬ್ಬಕ್ಕೊಮ್ಮೆ ತಿಕ್ಕಿದ ಪದಕಗಳಲ್ಲಿ ನಂಬರೇ ಸವೆದುಹೋಗಿರುತ್ತದೆ. ಕತ್ತಲ ಕೋಣೆಯಲ್ಲಿ ಪದಕವನ್ನು ಕಪ್ಪು ಬಟ್ಟೆಯ ಮೇಲೆ ನಿಲ್ಲಿಸಿ, ಟಾರ್ಚನ್ನು ಅಂಚಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದು, ಒಂದೊಂದು ಬೆರಳಗಲ ತಿರುಗಿಸುತ್ತ ಫೋಟೊ ತೆಗೆಯಿರಿ. 10-12 ಫೋಟೊಗಳಲ್ಲಿ ಇಡೀ ಸುತ್ತು ಬರುತ್ತದೆ. ಬೆಳಕು ಅಡ್ಡ ಬಿದ್ದಾಗ ಅಕ್ಷರದ ಗುಳಿಗಳಲ್ಲಿ ನೆರಳು ನಿಲ್ಲುತ್ತದೆ, ನೇರವಾಗಿ ನೋಡಿದರೆ ಕಾಣದ 3 ಮತ್ತು 8ರ ವ್ಯತ್ಯಾಸವೂ ಆಗ ಕಾಣುತ್ತದೆ.

ಅಂಚಿನಲ್ಲಿರುವ ಹುದ್ದೆಗಳನ್ನು ಓದುವಾಗ ಎಚ್ಚರ ಬೇಕು. ಡಿಎಫ್‌ಡಿಆರ್ ಎಂದಿದ್ದರೆ ದಫೇದಾರ, ಕುದುರೆ ದಳದವನು. ಹವಾಲ್ದಾರ, ನಾಯಕ, ಸಿಪಾಯಿ ಕಾಲಾಳು ದಳದವರು. ‘ಡ್ರೈವರ್’ ಎಂದು ಕಂಡರೆ ಮೋಟಾರು ಓಡಿಸಿದವನೆಂದು ಬರೆಯಬೇಡಿ. ಆ ಕಾಲದ ಭಾರತೀಯ ಸೈನ್ಯದಲ್ಲಿ ಡ್ರೈವರ್ ಎಂದರೆ ಬಹುಪಾಲು ಹೇಸರಗತ್ತೆ ಇಲ್ಲವೇ ಗಾಡಿ ಹೊಡೆಯುವವನು. ಐ.ಎಸ್. ಎಂದರೆ ಇಂಪೀರಿಯಲ್ ಸರ್ವೀಸ್, ಅಂದರೆ ಸಂಸ್ಥಾನದ ಸೈನ್ಯ.

ಮನೆಯವರ ಬಾಯಲ್ಲಿ ಇಂಗ್ಲಿಷ್ ತಾರೀಖು ಸಿಗದಿದ್ದರೂ ತಿಥಿ ಸಿಗಬಹುದು. ಸಂವತ್ಸರವನ್ನು ತಪ್ಪದೆ ಕೇಳಿ. 1914ರ ಯುಗಾದಿಯಿಂದ ಆನಂದ, ನಂತರ ವರ್ಷಕ್ಕೊಂದರಂತೆ ರಾಕ್ಷಸ, ನಳ, ಪಿಂಗಳ. 1918ರಲ್ಲಿ ಕಾಳಯುಕ್ತಿ, 1919ರಲ್ಲಿ ಸಿದ್ಧಾರ್ಥಿ. ‘ಕಾಳಯುಕ್ತಿಯ ಆಶ್ವಯುಜದಲ್ಲಿ’ ಎಂಬ ಒಂದು ಮಾತು ಹುಡುಕಾಟವನ್ನು ಏಳು ವರ್ಷದಿಂದ ಒಂದು ತಿಂಗಳಿಗೆ ಇಳಿಸುತ್ತದೆ. ಒಂದು ಅಪಾಯವೂ ಇದೆ. ದೂರದೇಶದಲ್ಲಿ ಸತ್ತವನ ದಿನ ಗೊತ್ತಿಲ್ಲದಾಗ ಸುದ್ದಿ ಬಂದ ದಿನವನ್ನೇ ಹಿಡಿದು, ಇಲ್ಲವೇ ಮಹಾಲಯ ಅಮಾವಾಸ್ಯೆಯಂದು ಶ್ರಾದ್ಧ ಮಾಡುವ ರೂಢಿ ಇತ್ತು. ಆದ್ದರಿಂದ ತಿಥಿಯನ್ನು ‘ಈ ದಿನಕ್ಕೆ ಮುಂಚೆ’ ಎಂಬ ಗಡಿಯಾಗಿ ಇಟ್ಟುಕೊಳ್ಳಿ, ಸಾವಿನ ದಿನವೆಂದು ಕಲ್ಲಿಗೆ ಹಾಕಬೇಡಿ.

ಊರಿನ ಜನನ-ಮರಣ ರಿಜಿಸ್ಟರಿನಲ್ಲಿ ವಾರಗಟ್ಟಲೆ ಹುಡುಕುವ ಅಗತ್ಯವಿಲ್ಲ. ಆ ಪುಸ್ತಕ ಊರಲ್ಲಾದ ಸಾವುಗಳದ್ದು. ಕಾಯಿಲೆ ಹತ್ತಿ ರಜೆಯ ಮೇಲೆ ಮನೆಗೆ ಬಂದು ತೀರಿಕೊಂಡವನಾದರೆ ಮಾತ್ರ ಅಲ್ಲಿ ಇರಬಹುದು. ಹಾಗಿದ್ದರೆ ಅದೇ ನಿಮ್ಮ ಅತಿ ಗಟ್ಟಿ ದಾಖಲೆ.

ದಳ ಯಾವುದು

ಇಲ್ಲಿ ಹಳೆಯ ಗಡಿಗಳನ್ನು ನೆನಪಿಡಬೇಕು. ಮೈಸೂರು ಸಂಸ್ಥಾನದವನಾದರೆ ಮೊದಲು ನೋಡಬೇಕಾದದ್ದು ಮೈಸೂರು ಇಂಪೀರಿಯಲ್ ಸರ್ವೀಸ್ ಲ್ಯಾನ್ಸರ್ಸ್ ಎಂಬ ಕುದುರೆ ದಳ, ಆಮೇಲೆ ಸಂಸ್ಥಾನದ್ದೇ ಆದ ಟ್ರಾನ್ಸ್‌ಪೋರ್ಟ್ ಕೋರ್. ಲ್ಯಾನ್ಸರ್ಸ್ 1914ರಲ್ಲೇ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು. ಹೈದರಾಬಾದ್ ಮತ್ತು ಜೋಧಪುರದ ದಳಗಳ ಜೊತೆ 15ನೇ ಬ್ರಿಗೇಡಿನಲ್ಲಿತ್ತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸವಾರರದ್ದೇ. ಬೆಂಗಳೂರು, ಕೋಲಾರದ ಕಡೆಯವನಾದರೆ ದಾರಿ, ಸೇತುವೆ ಕಟ್ಟುವ ಮದ್ರಾಸ್ ಸ್ಯಾಪರ್ಸ್ ಅಥವಾ ಪಯನಿಯರ್ ದಳಗಳನ್ನು ನೋಡಿ. ಬೆಳಗಾವಿ, ಕಾರವಾರದ ಕಡೆಯವನಾದರೆ ಮರಾಠಾ ದಳಗಳನ್ನು. 103, 110, 117ನೇ ಮರಾಠಾ ದಳಗಳು ಮೆಸೊಪೊಟೇಮಿಯಾದ ಕೂಟ್ ಅಲ್ ಅಮಾರಾದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದು 1916ರ ಏಪ್ರಿಲ್ 29ರಂದು ಶರಣಾದವು. ಆ ಸೆರೆಯಾಳುಗಳಲ್ಲಿ ಎಷ್ಟೋ ಜನ ಮರುಭೂಮಿಯ ನಡಿಗೆಯಲ್ಲಿ, ರೈಲುದಾರಿಯ ಕೂಲಿಯಲ್ಲಿ ಹಸಿವು-ಭೇದಿಯಿಂದ ಸತ್ತರು. ಕೂಟ್ ಹೆಸರು ಎಲ್ಲಿ ಬಂದರೂ ಸಾವಿನ ಜಾಗವನ್ನು ಕೂಟ್‌ನಲ್ಲಷ್ಟೇ ಹುಡುಕಬೇಡಿ.

ಸಂಸ್ಥಾನದ ದಳದವರ ಕಾಗದಪತ್ರ ಭಾರತೀಯ ಸೈನ್ಯದವರ ಕಾಗದಪತ್ರದೊಂದಿಗೆ ಇರುವುದಿಲ್ಲ. ನೇಮಕ, ಸಂಬಳ, ಕುಟುಂಬಕ್ಕೆ ಪಿಂಚಣಿ ಎಲ್ಲ ಸಂಸ್ಥಾನದ ಲೆಕ್ಕದಲ್ಲಿ ನಡೆದದ್ದು. ಅದಕ್ಕೆ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಮಿಲಿಟರಿ ಇಲಾಖೆಯ ಕಡತಗಳನ್ನು ಕೇಳಿ. ಅಲ್ಲಿಗೆ ಹೋಗಿ ‘ನಮ್ಮೂರ ಸಿಪಾಯಿ’ ಎಂದರೆ ಏನೂ ಸಿಗುವುದಿಲ್ಲ. 1914ರಿಂದ 1922ರವರೆಗಿನ ಕಡತಗಳ ಸೂಚಿ ಕೇಳಿ, ‘ಫ್ಯಾಮಿಲಿ ಪೆನ್ಷನ್’, ‘ಗ್ರಾಚ್ಯುಯಿಟಿ’, ‘ಲ್ಯಾನ್ಸರ್ಸ್’ ಎಂಬ ಶೀರ್ಷಿಕೆಗಳಡಿ ಹುಡುಕಿ. ವಿಧವೆ ಬರೆಸಿದ ಅರ್ಜಿಯೊಂದು ಸಿಕ್ಕರೆ ಗಂಡನ ಹೆಸರು, ಊರು, ಸತ್ತ ದಿನ, ಕಾರಣ ಒಂದೇ ಹಾಳೆಯಲ್ಲಿ ಸಿಗಬಹುದು. ಕೇಂದ್ರದ ಕಡತಗಳಿಗೆ ರಾಷ್ಟ್ರೀಯ ಅಭಿಲೇಖಾಲಯದ ಅಭಿಲೇಖ್ ಪಟಲ್ ಜಾಲತಾಣ ಇದೆ. ಲಾಹೋರ್ ಮ್ಯೂಸಿಯಮ್ಮಿನ ಸೈನಿಕರ ದೊಡ್ಡ ರಿಜಿಸ್ಟರುಗಳು ಈಗ ಜಾಲದಲ್ಲಿವೆ ನಿಜ, ಆದರೆ ಅವು ಪಂಜಾಬಿನವರದ್ದು. ನಮ್ಮ ಕಡೆಯವರಿಗೆ ಅದರಲ್ಲಿ ಹುಡುಕುವುದು ವ್ಯರ್ಥ ಶ್ರಮ.

ಕಮಿಷನ್ನಿನ ಪಟ್ಟಿಯಲ್ಲಿ ಹುಡುಕುವ ರೀತಿ

ಗ್ರೇವ್ಸ್ ಕಮಿಷನ್ನಿನ ಜಾಲತಾಣದ ಹುಡುಕಾಟದ ಪುಟದಲ್ಲಿ ಭಾರತೀಯ ಹೆಸರುಗಳ ವಿಷಯಕ್ಕೆ ಒಂದು ಗುಟ್ಟಿದೆ. ಒಂದೇ ಪದದ ಹೆಸರನ್ನು ಅವರು ಸರ್‌ನೇಮ್ ಜಾಗದಲ್ಲಿ ಹಾಕಿದ್ದಾರೆ. ಫೋರ್‌ನೇಮ್ ಜಾಗ ತುಂಬಿದಿರೋ, ಇದ್ದ ಹೆಸರೂ ಮಾಯ. ಸರ್‌ನೇಮ್ ಮಾತ್ರ ತುಂಬಿ, ಸೈನ್ಯದ ಜಾಗದಲ್ಲಿ ಇಂಡಿಯನ್ ಆರ್ಮಿ, ಯುದ್ಧದ ಜಾಗದಲ್ಲಿ ಮೊದಲನೆಯದು ಆರಿಸಿ. ಹೆಚ್ಚು ಖಾನೆ ತುಂಬಿದಷ್ಟೂ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಕಾಗುಣಿತ ದೊಡ್ಡ ತೊಡಕು. ಬರೆದುಕೊಂಡ ಗುಮಾಸ್ತನಿಗೆ ಕನ್ನಡ ಗೊತ್ತಿರಲಿಲ್ಲ. ಕೊನೆಯ ‘ಅಪ್ಪ’ ಒಂದು ಪಿ, ಎರಡು ಪಿ, ಕೊನೆಗೆ ಎಚ್ ಸೇರಿಸಿ ಹೀಗೆ ಮೂರು ಬಗೆಯಾಗುತ್ತದೆ. ‘ಅಯ್ಯ’ದಲ್ಲಿ ಐ ಅಥವಾ ವೈ. ಗೌಡ ಎಂಬುದು ಓ-ಡಬ್ಲ್ಯೂ, ಎ-ಯು, ಓ-ಯು ಮೂರರಲ್ಲಿ ಯಾವುದೂ ಆಗಬಹುದು. ಶೇಖ್‌ನಲ್ಲಿ ಎ-ಐ ಅಥವಾ ಇ-ಐ. ಒತ್ತಕ್ಷರ ಬಹಳ ಸಲ ಒಂಟಿಯಾಗಿದೆ, ಮಹಾಪ್ರಾಣದ ಎಚ್ ಬಿದ್ದುಹೋಗಿದೆ. ಒಂದು ಹಾಳೆಯಲ್ಲಿ ಹೆಸರಿನ ಹತ್ತಾದರೂ ರೂಪಗಳನ್ನು ಮೊದಲೇ ಬರೆದುಕೊಂಡು ಒಂದೊಂದಾಗಿ ಹೊಡೆದುಹಾಕುತ್ತಾ ಹೋಗಿ. ಇಲ್ಲದಿದ್ದರೆ ನಾಲ್ಕನೆಯದಕ್ಕೇ ಬೇಸರ ಬರುತ್ತದೆ.

ಹೆಸರು ಕೈಕೊಟ್ಟರೆ ಊರಿನಿಂದ ಹಿಡಿಯಬಹುದು. ‘ಹೆಚ್ಚುವರಿ ಮಾಹಿತಿ’ ಎಂಬ ಖಾನೆಯಲ್ಲಿ ಕೆಲವರಿಗೆ ತಂದೆಯ ಹೆಸರು, ಹಳ್ಳಿ, ತಾಲ್ಲೂಕು ಕೊಟ್ಟಿರುತ್ತಾರೆ. ಆದರೆ ಅಲ್ಲಿರುವುದು ಆ ಕಾಲದ ಹೆಸರು. ಚಿತ್ರದುರ್ಗ ಅಲ್ಲಿ ಚಿಟಲ್‌ಡ್ರೂಗ್, ಮಡಿಕೇರಿ ಮರ್ಕೆರಾ, ರಾಮನಗರ ಕ್ಲೋಸ್‌ಪೇಟ್, ಪಾಂಡವಪುರ ಫ್ರೆಂಚ್ ರಾಕ್ಸ್, ಬಂಗಾರಪೇಟೆ ಬೌರಿಂಗ್‌ಪೇಟ್, ಕುಶಾಲನಗರ ಫ್ರೇಸರ್‌ಪೇಟ್, ಕೆ.ಆರ್. ನಗರ ಯೆಡತೊರೆ. ಚಿಕ್ಕಮಗಳೂರಿನ ಹಳ್ಳಿಗಳು ಕಡೂರು ಜಿಲ್ಲೆಯಲ್ಲಿವೆ. ಬಳ್ಳಾರಿ, ಮಂಗಳೂರು ಮದ್ರಾಸಿನಲ್ಲಿ. ಧಾರವಾಡ, ಬಿಜಾಪುರ, ಕಾರವಾರ ಬೊಂಬಾಯಿಯಲ್ಲಿ. ಬೀದರ್, ರಾಯಚೂರು, ಕಲಬುರ್ಗಿ ಹೈದರಾಬಾದಿನಲ್ಲಿ.

ನಂಬರು ಒಂದನ್ನೇ ನಂಬಿ ‘ಇವನೇ’ ಎಂದು ತೀರ್ಮಾನಿಸಬೇಡಿ. ಪ್ರತಿ ದಳವೂ ತನ್ನದೇ ಲೆಕ್ಕದಲ್ಲಿ ನಂಬರು ಕೊಡುತ್ತಿತ್ತು. ಒಂದೇ ನಂಬರಿನವರು ಹತ್ತಾರು ಜನ ಸಿಗುತ್ತಾರೆ. ಹೆಸರು, ನಂಬರು, ದಳ, ತಂದೆ, ಊರು ಈ ಐದರಲ್ಲಿ ಮೂರು ಹೊಂದಿದರೆ ಮುಂದುವರಿಯಿರಿ. ಎರಡೇ ಹೊಂದಿದರೆ ಇನ್ನೊಂದು ದಾಖಲೆ ಸಿಗುವವರೆಗೆ ಕಾಯಿರಿ. ತಪ್ಪು ಹೆಸರು ಹಾಕಿದರೆ ಇನ್ಯಾವುದೋ ಊರಿನವನ ನೆನಪನ್ನು ನಾವು ಕಸಿದುಕೊಂಡಂತೆ.

ಆಸ್ಪತ್ರೆಯ ದಾರಿ ಹಿಡಿಯುವುದು

ಹೆಸರು ಸಿಕ್ಕ ಮೇಲೆ ಪಟ್ಟಿಯಲ್ಲಿ ಸತ್ತ ದಿನ ಮತ್ತು ಸ್ಮಾರಕ ಇರುತ್ತದೆ. ಸಾವಿನ ಕಾರಣ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿ ದಿನ ಮತ್ತು ಜಾಗವನ್ನು ಒಟ್ಟಿಗೆ ಓದಬೇಕು.

ಕಾಯಿಲೆಯವನು ದಳದ ಜೊತೆ ಇರುವುದಿಲ್ಲ. ಮೊದಲು ಫೀಲ್ಡ್ ಆಂಬುಲೆನ್ಸ್ (ವಾಹನವಲ್ಲ, ರಣರಂಗದ ಹತ್ತಿರದ ವೈದ್ಯಕೀಯ ತುಕಡಿ), ಅಲ್ಲಿಂದ ಹಿಂದಿನ ಕ್ಲಿಯರಿಂಗ್ ಆಸ್ಪತ್ರೆ, ಆಮೇಲೆ ದೊಡ್ಡ ಜನರಲ್ ಆಸ್ಪತ್ರೆ, ಕೊನೆಗೆ ಆಸ್ಪತ್ರೆ ಹಡಗಿನಲ್ಲಿ ಬೊಂಬಾಯಿ. ಪ್ರತಿ ಮೆಟ್ಟಿಲಲ್ಲೂ ಸಾವು ಕಾದಿತ್ತು. ಹಾಗಾಗಿ ದಳ ಇರಾಕಿನಲ್ಲಿದ್ದಾಗ ಅದರ ಸಿಪಾಯಿಯ ಹೆಸರು ಪುಣೆಯ ಕಿರ್ಕಿ ಸ್ಮಾರಕದಲ್ಲೋ ದೆಹಲಿಯ ಇಂಡಿಯಾ ಗೇಟಿನಲ್ಲೋ ಇದ್ದರೆ ಅದು ತಪ್ಪಲ್ಲ. ಕಾಯಿಲೆಯವನನ್ನು ಹಿಂದಕ್ಕೆ ಕಳುಹಿಸಿದ ಗುರುತು ಅದಾಗಿರಬಹುದು. ಇಂಡಿಯಾ ಗೇಟಿನಲ್ಲಿ 13,000ಕ್ಕೂ ಹೆಚ್ಚು ಹೆಸರುಗಳಿವೆ. ಫ್ರಾನ್ಸಿನಿಂದ ಇಂಗ್ಲೆಂಡಿಗೆ ಸಾಗಿಸಿದವರಲ್ಲಿ ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ, ಸಿಖ್ ಸೈನಿಕರನ್ನು ಅಲ್ಲಿನ ಬೆಟ್ಟದ ಮೇಲೆ ದಹನ ಮಾಡಿದರು. ಆ ಜಾಗದಲ್ಲಿ 1921ರಲ್ಲಿ ಎತ್ತಿದ ಅಮೃತಶಿಲೆಯ ಛತ್ರಿ ಇಂದಿಗೂ ಇದೆ. ದಹನವಾದವರಿಗೆ ಸಮಾಧಿ ಇರುವುದಿಲ್ಲ, ಸ್ಮಾರಕದ ಫಲಕದಲ್ಲಿ ಹೆಸರಷ್ಟೇ. ‘ಸಮಾಧಿ ಎಲ್ಲಿದೆ’ ಎಂದು ಕೇಳುವ ಮನೆಯವರಿಗೆ ಇದನ್ನು ಮೊದಲೇ ತಿಳಿಸಿ.

ಮೈಸೂರು ಲ್ಯಾನ್ಸರ್ಸ್‌ನವನಾದರೆ ದಿನಾಂಕವನ್ನು ಹತ್ತಿರದಿಂದ ನೋಡಿ. ಹೈಫಾ ಕೈವಶವಾದದ್ದು 1918ರ ಸೆಪ್ಟೆಂಬರ್ 23. ಡಮಾಸ್ಕಸ್ ಪ್ರವೇಶ ಅಕ್ಟೋಬರ್ 1. ಅಲೆಪ್ಪೊ ಪಕ್ಕದ ಹರಿತಾನ್‌ನಲ್ಲಿ ಈ ದಳದ ಕೊನೆಯ ದೊಡ್ಡ ಕಾಳಗ ಅಕ್ಟೋಬರ್ 26. ನಿಮ್ಮವನು ತೀರಿಕೊಂಡದ್ದು ಅಕ್ಟೋಬರ್ 5ರಿಂದ 25ರ ನಡುವೆ ಎಂದಿದ್ದರೆ ಕಾಳಗಕ್ಕಿಂತ ಜ್ವರದ ಕಡೆಗೇ ಬೊಟ್ಟು. ಬ್ರಿಟಿಷರ ಹಿಡಿತದಲ್ಲಿದ್ದ ಜಾಗಗಳಲ್ಲಿ ಜೌಗು ಬತ್ತಿಸಿ ಸೊಳ್ಳೆ ತಡೆಯುತ್ತಿದ್ದರು. ಸೆಪ್ಟೆಂಬರಿನ ಮುನ್ನಡೆಯಲ್ಲಿ ಸೈನ್ಯ ಆ ಕೆಲಸ ನಡೆಯದ ತುರ್ಕರ ಕಡೆಯ ನೆಲದಲ್ಲಿ ರಾತ್ರಿಗಳನ್ನು ಕಳೆಯಿತು. ಸೊಳ್ಳೆ ಕಚ್ಚಿ ಸುಮಾರು ಎರಡು ವಾರಕ್ಕೆ ಕಾಣಿಸಿಕೊಳ್ಳುವ ವಿಷಮ ಮಲೇರಿಯಾ ಸರಿಯಾಗಿ ಡಮಾಸ್ಕಸ್ ಹೊತ್ತಿಗೆ ಎದ್ದಿತು, ಅದರ ಮೇಲೆ ಇನ್‌ಫ್ಲುಯೆಂಜಾ ಬಂದು ಕೂತಿತು. ಗೆದ್ದ ಕುದುರೆ ದಳಗಳಲ್ಲಿ ಕುದುರೆಗಳಿಗೆ ನೀರು ತೋರಿಸಲು ಜನ ಸಾಲದಷ್ಟು ಮಂದಿ ಮಲಗಿದ್ದರು.

ಮೆಸೊಪೊಟೇಮಿಯಾದ ಲೆಕ್ಕ ಬೇರೆ. 1916ರ ಬೇಸಿಗೆಯಾದರೆ ಕಾಲರಾ, ಭೇದಿ, ಬಿಸಿಲು ಮತ್ತು ಸ್ಕರ್ವಿ. ಭಾರತೀಯ ಸಿಪಾಯಿಯ ಪಡಿಯಲ್ಲಿ ತಾಜಾ ತರಕಾರಿ ಇಲ್ಲದೆ ಒಸಡು ಊದಿ, ಹಳೆಯ ಗಾಯ ಬಿಚ್ಚಿಕೊಂಡು, ಕಾಲು ಬಲಗುಂದುತ್ತಿತ್ತು. ಗಾಯಾಳುಗಳನ್ನೂ ರೋಗಿಗಳನ್ನೂ ಸಾಗಿಸಲು ದೋಣಿ, ವೈದ್ಯರು, ಹಾಸಿಗೆ ಯಾವುದೂ ಸಾಲದೆ ನಡೆದ ಅನಾಹುತವನ್ನು 1917ರ ಮೆಸೊಪೊಟೇಮಿಯಾ ಆಯೋಗ ತನ್ನ ವರದಿಯಲ್ಲಿ ದಾಖಲಿಸಿದೆ. ಬಾಗ್ದಾದ್ ಗೆದ್ದ ಸೇನಾಪತಿ ಮಾಡ್ ಅದೇ ವರ್ಷ ನವೆಂಬರ್ 18ರಂದು ಸತ್ತದ್ದೂ ಕಾಲರಾದಿಂದಲೇ. ‘ಕಾಯಿಲೆಯಿಂದ ಸತ್ತ’ ಎಂದು ಬರೆಸಲು ಹಿಂಜರಿಯುವ ಮನೆಯವರಿಗೆ ಈ ಮಾತು ಹೇಳಿ.

ಖಚಿತ ಮಾಡಿಕೊಳ್ಳಲು ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯೂಓ 95 ಸರಣಿಯ ವಾರ್ ಡೈರಿಗಳಿವೆ, ಬಹಳಷ್ಟು ಜಾಲದಲ್ಲೇ ಸಿಗುತ್ತವೆ. ದಳದ ಡೈರಿಯಲ್ಲಿ ಸಿಪಾಯಿಗಳ ಹೆಸರು ಅಪರೂಪ, ‘ಇಷ್ಟು ಜನ ಆಸ್ಪತ್ರೆಗೆ’ ಎಂದಷ್ಟೇ ಇರುತ್ತದೆ. ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಆ ದಳ ಸೇರಿದ್ದ ಡಿವಿಷನ್ನಿನ ಫೀಲ್ಡ್ ಆಂಬುಲೆನ್ಸ್‌ನ ಡೈರಿ ಮತ್ತು ಎ.ಡಿ.ಎಂ.ಎಸ್. ಎಂಬ ಮುಖ್ಯ ವೈದ್ಯಾಧಿಕಾರಿಯ ಡೈರಿಯನ್ನೂ ತೆರೆಯಿರಿ. ಯಾವ ವಾರ ಯಾವ ರೋಗ ಎಷ್ಟಿತ್ತು ಎಂಬುದು ಅಲ್ಲಿದೆ. ಸತ್ತ ದಿನದಿಂದ ಹಿಂದಕ್ಕೆ ಆರು ವಾರ ಓದಿ, ಸತ್ತ ದಿನದ ಪುಟವೊಂದೇ ಸಾಲದು.

ಹೀಗೆ ಸಿಕ್ಕದ್ದು ಊಹೆ, ಸಾಕ್ಷಿ ಅಲ್ಲ. ಆ ವಾರ ದಳದಲ್ಲಿ ಮಲೇರಿಯಾ ಇತ್ತು ಎಂದ ಮಾತ್ರಕ್ಕೆ ಇವನಿಗೂ ಅದೇ ಎಂದು ಕಲ್ಲಿನಲ್ಲಿ ಕೆತ್ತುವಂತಿಲ್ಲ. ಕಾಗದದಲ್ಲಿ ಕಂಡದ್ದು ಕಲ್ಲಿಗೆ ಹೋಗಲಿ, ಊಹಿಸಿದ್ದು ಕಡತದಲ್ಲಿರಲಿ.

ಹೆಸರೇ ಸಿಗದಿದ್ದರೆ

ಅದಕ್ಕೂ ಕಾರಣವಿದೆ. 1929ರ ಬಸ್ರಾ ಸ್ಮಾರಕದಲ್ಲಿ 40,000ಕ್ಕೂ ಹೆಚ್ಚು ಮಂದಿಯ ನೆನಪಿದೆ. ಆದರೆ ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ ಕೆತ್ತಿ, ಸಿಪಾಯಿಗಳನ್ನು ದಳದ ಕೆಳಗೆ ‘ಇಷ್ಟು ಮಂದಿ’ ಎಂದು ಸಂಖ್ಯೆಯಲ್ಲಿ ಮುಗಿಸಿದರು. ಆದ್ದರಿಂದ ಸ್ಮಾರಕದ ಫೋಟೊದಲ್ಲಿ ಹುಡುಕಬೇಡಿ, ಪಟ್ಟಿಯಲ್ಲಿ ಹುಡುಕಿ. ಅಲ್ಲೂ ಇಲ್ಲದವರಿದ್ದಾರೆ. ಕಮಿಷನ್ನೇ 2021ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ ಕನಿಷ್ಠ 1,16,000 ಮಂದಿಯ ಹೆಸರು ನೆನಪಿನಿಂದ ಬಿಟ್ಟುಹೋಗಿದೆ ಎಂದು ಒಪ್ಪಿಕೊಂಡಿದೆ. ಅವರಲ್ಲಿ ಬಹುಪಾಲು ಆಫ್ರಿಕಾ, ಈಜಿಪ್ಟ್ ಕಡೆಯವರು, ಭಾರತೀಯರೂ ಇದ್ದಾರೆ.

ಬಿಟ್ಟುಹೋದ ಹೆಸರು ಸೇರಿಸಲು ಕಮಿಷನ್ನಿಗೆ ಅರ್ಜಿ ಹಾಕಬಹುದು. ಎರಡು ಸಂಗತಿಗಳಿಗೆ ಕಾಗದ ಬೇಕು: ಆತ ಸೇವೆಯಲ್ಲಿದ್ದ ಎಂಬುದಕ್ಕೆ, ಆ ಅವಧಿಯೊಳಗೆ ಸತ್ತ ಎಂಬುದಕ್ಕೆ. ಪದಕದ ಅಂಚಿನ ಫೋಟೊ, ಪಿಂಚಣಿ ಆದೇಶ, ಆ ಕಾಲದ ಗೆಜೆಟ್ ಇವು ನಡೆಯುತ್ತವೆ. ಅಜ್ಜಿ ಹೇಳಿದ ಮಾತು ದಾರಿ ತೋರಿಸುತ್ತದೆ, ಸಾಕ್ಷಿಯಾಗುವುದಿಲ್ಲ. ಕನ್ನಡದ ಕಾಗದವಾದರೆ ಮೂಲದ ಸ್ಕ್ಯಾನ್ ಜೊತೆ ಸಾಲು ಸಾಲಾಗಿ ಇಂಗ್ಲಿಷ್ ಅನುವಾದ ಕಳುಹಿಸಿ, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯದಾದರೆ ಓದಬಲ್ಲವರಿಂದ ಲಿಪ್ಯಂತರ ಮಾಡಿಸಿ. ಉತ್ತರಕ್ಕೆ ಬಹಳ ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಊರಿನ ಕಲ್ಲು ಕಾಯಬೇಕಿಲ್ಲ, ನಿಮ್ಮ ಕೈಯಲ್ಲಿ ಆ ಎರಡು ಕಾಗದ ಇದ್ದರೆ ಸಾಕು.

ಊರಲ್ಲೇ ಹಳೆಯ ಕಲ್ಲೊಂದಿರಬಹುದು. ಯುದ್ಧ ಮುಗಿದ ಮೇಲೆ ಭಾರತದ ಎಷ್ಟೋ ಹಳ್ಳಿಗಳಲ್ಲಿ ‘ಈ ಗ್ರಾಮದಿಂದ ಇಷ್ಟು ಜನ 1914-1919ರ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು’ ಎಂಬ ಫಲಕ ಹಾಕಿದರು. ಚಾವಡಿ, ಹಳೆಯ ಶಾಲೆ, ಕೋಟೆ ಬಾಗಿಲ ಗೋಡೆಗಳಲ್ಲಿ ಸುಣ್ಣದ ಹತ್ತಾರು ಪದರದಡಿ ಅದು ಮುಚ್ಚಿಹೋಗಿರಬಹುದು. ಆಸಿಡ್, ತಂತಿಯ ಬ್ರಷ್, ಉಳಿ ಮುಟ್ಟಿಸಬೇಡಿ. ಬರಿ ನೀರು, ನೈಲಾನ್ ಬ್ರಷ್, ತಾಳ್ಮೆ. ಅಕ್ಷರ ಕಾಣದಿದ್ದರೆ ರಾತ್ರಿ ಹೋಗಿ ಪಕ್ಕದಿಂದ ಟಾರ್ಚ್ ಬಿಡಿ. ಸೀಮೆಸುಣ್ಣ ತುಂಬಿ ಓದುವವರು ತಮಗೆ ಕಂಡ ಅಕ್ಷರವನ್ನೇ ತುಂಬುತ್ತಾರೆ, ಮುಂದಿನವರೂ ಅದನ್ನೇ ಓದುವಂತಾಗುತ್ತದೆ.

ಕಲ್ಲಿನ ಮಾತು

ನಮ್ಮ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಆ ರೂಪದ ಸೆಳೆತ ಈಗಲೂ ಬಲವಾಗಿದೆ, ಶಿಲ್ಪಿಯ ಬಳಿ ಹೋದ ಕೂಡಲೇ ಕತ್ತಿ ಹಿಡಿದ ಸವಾರನ ಚಿತ್ರ ತೋರಿಸುತ್ತಾರೆ. ದಯವಿಟ್ಟು ಬೇಡ ಎನ್ನಿ. ಜ್ವರದಲ್ಲಿ ಸತ್ತವನಿಗೆ ಕಾಳಗ ಕೆತ್ತಿದರೆ ಅವನ ಸಾವು ಸಾಲದು ಎಂದು ಹೇಳಿದಂತೆ ಆಗುತ್ತದೆ. ತಿಂಗಳಿಗೆ 11 ರೂಪಾಯಿ ಸಂಬಳದ ಸಿಪಾಯಿ ಮೂರು ಸಮುದ್ರದಾಚೆ ನಾಲ್ಕು ವರ್ಷ ಕಾವಲು ನಿಂತದ್ದು ನಿಜ, ಅದನ್ನೇ ಬರೆಯಿರಿ. ಮಾದರಿ ಹೀಗಿರಲಿ:

‘ಇಂಥವರು, ಇಂಥವರ ಮಗ, ಸವಾರ, ನಂಬರು ಇಷ್ಟು, ಮೈಸೂರು ಇಂಪೀರಿಯಲ್ ಸರ್ವೀಸ್ ಲ್ಯಾನ್ಸರ್ಸ್. ಈ ಊರಿನವರು. ಮಹಾಯುದ್ಧದ ಸೇವೆಯಲ್ಲಿದ್ದಾಗ ಇಂಥ ದಿನ ಇಂಥ ಊರಿನ ಆಸ್ಪತ್ರೆಯಲ್ಲಿ ಮಲೇರಿಯಾದಿಂದ ತೀರಿಕೊಂಡರು. ಇವರ ಹೆಸರು ಇಂಥ ಸ್ಮಾರಕದಲ್ಲಿದೆ.’

ರೋಗ ಯಾವುದೆಂದು ಕಾಗದದಲ್ಲಿ ಇಲ್ಲದಿದ್ದರೆ ‘ಕಾಯಿಲೆಯಿಂದ’. ಕಾಯಿಲೆ ಎಂಬುದೂ ಖಚಿತವಿಲ್ಲದಿದ್ದರೆ ‘ಸೇವೆಯಲ್ಲಿದ್ದಾಗ ತೀರಿಕೊಂಡರು’ ಅಷ್ಟೇ. ಊರಿನ ಹಳೆಯ ಹೆಸರೂ ಈಗಿನ ಹೆಸರೂ ಎರಡೂ ಇರಲಿ. ದೇಣಿಗೆ ಕೊಟ್ಟವರ ಹೆಸರು ಕಲ್ಲಿನ ಹಿಂಬದಿಗೋ ಪಂಚಾಯಿತಿಯ ಬೋರ್ಡಿಗೋ ಹೋಗಲಿ. ಸತ್ತವನಿಗಿಂತ ದೊಡ್ಡ ಅಕ್ಷರದಲ್ಲಿ ಉದ್ಘಾಟಕರ ಹೆಸರಿರುವ ಕಲ್ಲು ನಾಚಿಕೆಯ ಕಲ್ಲು.

ಅಳತೆ: ಮೂರು ಮೀಟರ್ ದೂರದಿಂದ ಓದಲು ಅಕ್ಷರ 25 ಮಿಲಿಮೀಟರ್, ಹೆಸರಿನ ಸಾಲು 40. ಕನ್ನಡಕ್ಕೆ ಸಾಲಿನಿಂದ ಸಾಲಿಗೆ 50 ಮಿಲಿಮೀಟರ್ ಬೇಕು. ಇಂಗ್ಲಿಷಿನ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಎಂಟು ಸಾಲಿಗೆ ಅಂಚು ಸೇರಿ 750 ಅಗಲ, 550 ಎತ್ತರ, 40 ದಪ್ಪದ ಹಲಗೆ ಸರಿಹೋಗುತ್ತದೆ, ತೂಕ ಸುಮಾರು 45 ಕಿಲೊ. ಕನ್ನಡಿಯಂತೆ ಪಾಲಿಶ್ ಮಾಡಿದ ಕಪ್ಪು ಕಲ್ಲು ಬಿಸಿಲಲ್ಲಿ ಮುಖ ತೋರಿಸುತ್ತದೆ, ಅಕ್ಷರ ತೋರಿಸುವುದಿಲ್ಲ. ಬೂದು ಗ್ರಾನೈಟನ್ನು ನುಣುಪಾಗಿ ಆದರೆ ಹೊಳಪಿಲ್ಲದೆ ಉಜ್ಜಿಸಿ. ಅಕ್ಷರ 3-4 ಮಿಲಿಮೀಟರ್ ಆಳ ಇರಲಿ. ಆಳ ಕಡಿಮೆ ಮಾಡಿ ಬಂಗಾರದ ಬಣ್ಣ ತುಂಬುವುದು ಅಗ್ಗದ ದಾರಿ, ಕೆಲವೇ ಮಳೆಗಾಲಕ್ಕೆ ಬಣ್ಣ ಎದ್ದು ಅರ್ಧ ಹೆಸರು ಉಳಿಯುತ್ತದೆ.

ಅತಿ ಹೆಚ್ಚು ಕಲ್ಲುಗಳು ಕೆಡುವುದು ಫಾಂಟಿನಲ್ಲಿ. ನೀವು ಯೂನಿಕೋಡಿನಲ್ಲಿ ಟೈಪಿಸಿ ಕಳುಹಿಸುತ್ತೀರಿ, ಡಿಟಿಪಿಯವರು ಹಳೆಯ ನುಡಿ ಅಥವಾ ಬರಹ ಫಾಂಟಿಗೆ ಬದಲಿಸಿ ಕೋರೆಲ್‌ಡ್ರಾನಲ್ಲಿ ಹಾಕುತ್ತಾರೆ. ಆಗ ಅರ್ಕಾವತ್ತು ಒಂದು ಅಕ್ಷರ ಜರುಗುತ್ತದೆ, ‘ಲ್ಯಾನ್ಸರ್ಸ್’ ಒಡೆಯುತ್ತದೆ, ‘ಸ್ತ್ರ’ದ ಒತ್ತುಗಳು ಒಂದರ ಮೇಲೊಂದು ಬೀಳುತ್ತವೆ. ಉಪಾಯ ಒಂದೇ. ಅಕ್ಷರಗಳನ್ನು ಕರ್ವ್ ಮಾಡಿಸಿ (ಫಾಂಟಿನ ಹಂಗಿಲ್ಲದ ಚಿತ್ರದ ಗೆರೆಗಳಾಗಿ ಬದಲಿಸಿ), ಕಲ್ಲಿನಷ್ಟೇ ದೊಡ್ಡ ಕಾಗದದಲ್ಲಿ ಪ್ರಿಂಟ್ ತೆಗೆಸಿ, ಗೋಡೆಗೆ ಅಂಟಿಸಿ, ಈ ಕೆಲಸದಲ್ಲಿ ಇಲ್ಲದ ಇಬ್ಬರಿಂದ ಗಟ್ಟಿಯಾಗಿ ಓದಿಸಿ. ಅದರ ಮೇಲೆ ಸಹಿ ಹಾಕಿ ಕೊಟ್ಟ ಮೇಲಷ್ಟೇ ಕೆತ್ತನೆ. ಮರಳು ಸಿಡಿಸಿ ಕೆತ್ತುವುದಾದರೆ ಒತ್ತಕ್ಷರದ ಗೆರೆ 3 ಮಿಲಿಮೀಟರಿಗಿಂತ ಸಣ್ಣದಿರಬಾರದು, ಒಳಗಿನ ಸುಳಿ ಸಿಡಿದುಹೋಗುತ್ತದೆ.

ಜಾಗಕ್ಕೆ ಪಂಚಾಯಿತಿಯ ಠರಾವು ಮಾಡಿಸಿ ಪ್ರತಿ ಇಟ್ಟುಕೊಳ್ಳಿ. ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರಿನೊಳಗೆ ಹೊಸ ಕಟ್ಟೆ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಅರಳಿಕಟ್ಟೆಯ ಪಕ್ಕ ಚೆಂದ ಕಾಣುತ್ತದೆ, ಆದರೆ ಬೇರು ಕಲ್ಲನ್ನು ಎತ್ತಿಹಾಕುತ್ತದೆ. ಗೋಡೆಗೆ ಕೂರಿಸುವುದಾದರೆ 10 ಮಿಲಿಮೀಟರಿನ ನಾಲ್ಕು ಸ್ಟೇನ್‌ಲೆಸ್ ಸ್ಟೀಲ್ ಸರಳು, ಕಲ್ಲಿನ ಹಿಂಬದಿಯಲ್ಲಿ 25 ಮಿಲಿಮೀಟರ್ ಆಳದ ತೂತು. ಸಾದಾ ಕಬ್ಬಿಣ ತುಕ್ಕು ಹಿಡಿದು ಊದಿ ಮೂಲೆಗಳನ್ನು ಸೀಳುತ್ತದೆ. ಕೆಳ ಅಂಚು ನೆಲದಿಂದ 70 ಸೆಂಟಿಮೀಟರ್ ಮೇಲಿರಲಿ, ಮಳೆಯ ಕೆಸರು ಅಷ್ಟರವರೆಗೆ ಎರಚುತ್ತದೆ.

ನೆನೆಯುವ ದಿನಕ್ಕೆ ಯುದ್ಧ ನಿಂತ ನವೆಂಬರ್ 11 ಬೇಕಿಲ್ಲ, ಸೆಪ್ಟೆಂಬರ್ 23 ಹೈಫಾದ ದಿನ. ಅವನು ತೀರಿಕೊಂಡ ತಾರೀಖನ್ನೇ ಆರಿಸಿ. ಕಲ್ಲು ಹಾಕಿದ ಮೇಲೆ ಪದಕದ ಫೋಟೊ, ಪಟ್ಟಿಯ ಪ್ರತಿ, ಡೈರಿಯ ಪುಟ, ಊಹೆಗೆ ಕೊಟ್ಟ ಕಾರಣ ಎಲ್ಲ ಸೇರಿಸಿದ ಕಡತದ ಮೂರು ಪ್ರತಿ ಮಾಡಿ ಮನೆಯವರಿಗೆ, ಊರ ಗ್ರಂಥಾಲಯಕ್ಕೆ, ಶಾಲೆಗೆ ಕೊಡಿ. ಮೊದಲ ಮಳೆಗಾಲ ಮುಗಿದ ಮೇಲೆ ಒಮ್ಮೆ ಹೋಗಿ ನೋಡಿ. ಒತ್ತಕ್ಷರಗಳ ಸುಳಿಯಲ್ಲಿ ಪಾಚಿ ಮೊದಲು ಕೂರುತ್ತದೆ, ಬಿದಿರಿನ ಕಡ್ಡಿ ಮತ್ತು ನೀರಿನಲ್ಲಿ ತೆಗೆದರೆ ಸಾಕು.